ಬೆಕ್ಕನ್ನು ಡಾಕ್ಟರ ಮೇಜಿನವರೆಗೆ ಹೆದರಿಸದೆ ಒಯ್ಯುವುದು

ಹೆಚ್ಚಿನ ಮನೆಗಳಲ್ಲಿ ಬೆಕ್ಕಿನ ಕ್ಯಾರಿಯರ್ ಇರುವುದು ಅಟ್ಟದ ಮೇಲೆ. ವರ್ಷಕ್ಕೊಮ್ಮೆ ರೇಬೀಸ್ ಇಂಜೆಕ್ಷನ್ ದಿನ ಅದನ್ನು ಇಳಿಸಿ ಧೂಳು ಕೊಡವುತ್ತಾರೆ. ಆ ಸದ್ದಿಗೇ ಬೆಕ್ಕು ಮಂಚದ ಕೆಳಗೆ ಮೂಲೆ ಸೇರಿರುತ್ತದೆ. ಪೊರಕೆ ಹಿಡಿದು ಎಬ್ಬಿಸಿ, ಕಾಲು ಹಿಡಿದು ಎಳೆದು, ಒಳಕ್ಕೆ ತುರುಕಿ ಆಟೋ ಹತ್ತುವ ಹೊತ್ತಿಗೆ ಮನೆಯವರ ಕೈತುಂಬ ಪರಚಿದ ಗೀರು, ಬೆಕ್ಕಿನ ಎದೆಯಲ್ಲಿ ಡವಡವ. ಆಮೇಲೆ ಅದು ಡಾಕ್ಟರ ಕೈ ಕಚ್ಚಿದರೆ ‘ತುಂಬಾ ಜೋರು ಬೆಕ್ಕು’ ಅಂತ ಫೈಲಿನಲ್ಲಿ ಬರೆದಾಗುತ್ತದೆ. ಕಚ್ಚಿದ್ದು ಮೇಜಿನ ಮೇಲೆ, ನಿಜ. ಆದರೆ ಅದಕ್ಕೆ ಬೇಕಾದ ಗಾಬರಿ ಮಂಚದ ಕೆಳಗೇ ಶುರುವಾಗಿತ್ತು.

ಸಾಕಿದ ಬೆಕ್ಕುಗಳನ್ನೂ, ಸಂತಾನಹರಣದ ಆಪರೇಷನ್ನಿಗೆ ಬೀದಿ ಬೆಕ್ಕುಗಳನ್ನೂ ಹೊತ್ತುಕೊಂಡು ಬೆಂಗಳೂರಿನಲ್ಲಿ ಓಡಾಡುವ ನಮಗೆ ಇಡೀ ಕೆಲಸದಲ್ಲಿ ಮುಖ್ಯ ಅನ್ನಿಸಿರುವುದು ಇದೊಂದೇ: ಬೆಕ್ಕಿನ ಭಯ ಒಂದರ ಮೇಲೊಂದು ಪೇರುತ್ತ ಹೋಗುತ್ತದೆ, ಇಳಿಯಲು ಗಂಟೆಗಟ್ಟಲೆ ಬೇಕು. ಹಿಡಿದೆಳೆದದ್ದು, ಆಟೋ ಸದ್ದು, ನಾಯಿ ಬೊಗಳಿದ್ದು, ಸ್ಪಿರಿಟ್ ವಾಸನೆ, ಸೂಜಿ, ಎಲ್ಲವೂ ಒಂದೇ ಖಾತೆಗೆ ಜಮೆಯಾಗುತ್ತವೆ. ಕ್ಲಿನಿಕ್ಕಿನಲ್ಲಿ ಸಮಾಧಾನ ಮಾಡುತ್ತೇನೆಂದು ಹೊರಟರೆ ತಡವಾಯಿತು ಎಂದೇ ಲೆಕ್ಕ.

ಲ್ಯಾಬ್ ರಿಪೋರ್ಟನ್ನೂ ಭಯ ಕೆಡಿಸುತ್ತದೆ. ಸಕ್ಕರೆ ಕಾಯಿಲೆಯೇ ಇಲ್ಲದ ಬೆಕ್ಕು ಹೆದರಿ ಒದ್ದಾಡಿದರೆ ಅದರ ರಕ್ತದ ಸಕ್ಕರೆ 200 ದಾಟಬಹುದು, 300ರ ಮೇಲೂ ಹೋಗಬಹುದು. ಆಗ ಡಾಕ್ಟರು ಫ್ರಕ್ಟೋಸಮೈನ್ ಎಂಬ ಇನ್ನೊಂದು ಪರೀಕ್ಷೆ ಬರೆಯಬೇಕಾಗುತ್ತದೆ. ಅದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತದೆ, ಆ ಹೊತ್ತಿನ ಗಾಬರಿಗೆ ಅಲುಗುವುದಿಲ್ಲ. ಬೆಕ್ಕಿನ ಸಹಜ ಮೈಶಾಖ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಲ್ಲಿ ಬಂದು ಸೆಣಸಾಡಿದ ಬೆಕ್ಕಿಗೆ 103 ತೋರಿಸಿದರೆ ಅದು ಜ್ವರವೋ ಗಾಬರಿಯೋ ಹೇಳುವುದು ಹೇಗೆ? ಕಿಡ್ನಿ ತೊಂದರೆಯ ವಯಸ್ಸಾದ ಬೆಕ್ಕುಗಳಿಗೆ ಬಿಪಿ ನೋಡಬೇಕಾದಾಗ ಇದು ಇನ್ನೂ ದೊಡ್ಡ ಸಮಸ್ಯೆ. ಮೇಲಿನ ಅಂಕಿ 160 ದಾಟಿದರೆ ಔಷಧಿಯ ಯೋಚನೆ ಬರುತ್ತದೆ. ಆದ್ದರಿಂದ ಸದ್ದಿಲ್ಲದ ಕೋಣೆಯಲ್ಲಿ 5ರಿಂದ 10 ನಿಮಿಷ ಕೂರಿಸಿ, ಮೊದಲ ಅಳತೆಯನ್ನು ಬಿಟ್ಟು, ಆಮೇಲಿನ ಐದಾರು ಅಳತೆಗಳ ಸರಾಸರಿ ತೆಗೆದುಕೊಳ್ಳುವುದು ಸರಿಯಾದ ಕ್ರಮ.

ಮೊದಲು ಕ್ಯಾರಿಯರ್. ಗಟ್ಟಿ ಪ್ಲಾಸ್ಟಿಕ್ಕಿನದು, ಮೇಲಿನ ಅರ್ಧ ಭಾಗ ಕಳಚಿ ಬರುವಂಥದ್ದು ತೆಗೆದುಕೊಳ್ಳಿ. ಮುಂದಿನ ಬಾಗಿಲಿನ ಜೊತೆಗೆ ಮೇಲೂ ಒಂದು ಬಾಗಿಲಿದ್ದರೆ ಇನ್ನೂ ಅನುಕೂಲ. ನಾಲ್ಕೈದು ಕಿಲೋ ತೂಗುವ ಬೆಕ್ಕಿಗೆ ಒಳಗಿನ ಉದ್ದ 45ರಿಂದ 50 ಸೆಂಟಿಮೀಟರ್ ಇರಲಿ: ಎದ್ದು ನಿಂತು ಒಂದು ಸುತ್ತು ತಿರುಗಲು ಆಗಬೇಕು. ಅದಕ್ಕಿಂತ ತೀರ ದೊಡ್ಡದಾದರೆ ಆಟೋ ತಿರುವಿನಲ್ಲಿ ಬೆಕ್ಕು ಒಳಗೇ ಜಾರಾಡುತ್ತದೆ. ಅಗ್ಗದವುಗಳಲ್ಲಿ ಪಕ್ಕದ ಕ್ಲಿಪ್ಪುಗಳು ವರ್ಷದೊಳಗೆ ಸಡಿಲಾಗುತ್ತವೆ. ಹಿಡಿಕೆ ಹಿಡಿದು ಎತ್ತಿದಾಗ ಮೇಲಿನ ಭಾಗ ಮಾತ್ರ ಕೈಗೆ ಬಂದು, ತಳ ಕಳಚಿ ಬಿದ್ದು, ಬೆಕ್ಕು ನಡುರಸ್ತೆಯಲ್ಲಿ ಓಡುವುದು ಹೀಗೆ. ಸೂಟ್‌ಕೇಸಿಗೆ ಬಿಗಿಯುವ ಪಟ್ಟಿಯೊಂದನ್ನು ಸುತ್ತ ಕಟ್ಟಿಬಿಟ್ಟರೆ ಆ ಭಯವಿಲ್ಲ.

ಬೆನ್ನಿಗೆ ಹಾಕಿಕೊಳ್ಳುವ, ಪಾರದರ್ಶಕ ಗುಮ್ಮಟವಿರುವ ಬ್ಯಾಗು ಈಗ ಎಲ್ಲ ಕಡೆ ಮಾರಾಟಕ್ಕಿದೆ. ಫೋಟೋಗೆ ಚೆನ್ನ. ಬೆಕ್ಕಿಗೆ ಮಾತ್ರ ಅದರೊಳಗೆ ಅಡಗಿಕೊಳ್ಳಲು ಜಾಗವಿಲ್ಲ, ಬಿಸಿಲಿಗೆ ಒಳಗೆ ಕಾವೇರುತ್ತದೆ, ನಾವು ನಡೆದಂತೆ ಮೈಯೆಲ್ಲ ಕುಲುಕುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಬೆಕ್ಕು ಒಮ್ಮೆ ಉಚ್ಚೆ ಹೊಯ್ದರೆ ತಳ ಮೆತ್ತಗಾಗಿ ಕಿತ್ತುಬರುತ್ತದೆ. ಗೋಣಿಚೀಲ ಬೇಡವೇ ಬೇಡ. ದುಡ್ಡಿಲ್ಲದಾಗ ನಾವು ಮಾಡುವ ಉಪಾಯವೆಂದರೆ ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಬಟ್ಟೆ ಬುಟ್ಟಿಗಳನ್ನು ಬಾಯಿಗೆ ಬಾಯಿ ಸೇರಿಸಿ, ಸುತ್ತ ಆರೇಳು ಕಡೆ ಕೇಬಲ್ ಟೈ ಬಿಗಿಯುವುದು. ಗಾಳಿಯಾಡುತ್ತದೆ, ಮೇಲೊಂದು ಟವೆಲ್ ಹೊದಿಸಿದರೆ ಒಳಗೆ ಕತ್ತಲೂ ಆಗುತ್ತದೆ. ಬಿಚ್ಚಲು ಒಂದು ಕತ್ತರಿ, ಮತ್ತೆ ಕಟ್ಟಲು ಹೆಚ್ಚುವರಿ ಟೈಗಳು ಜೇಬಿನಲ್ಲಿರಬೇಕು. ಇವು ಕ್ಲಿನಿಕ್ಕಿನಲ್ಲಿ ಸಿಗುತ್ತವೆ ಎಂದು ನಂಬಬೇಡಿ.

ಇನ್ನು ರೂಢಿ ಮಾಡಿಸುವುದು. ಕ್ಯಾರಿಯರ್‌ನ ಮೇಲ್ಭಾಗ, ಬಾಗಿಲು ಎರಡನ್ನೂ ತೆಗೆದು, ಬರೀ ತಳದ ತಟ್ಟೆಯನ್ನು ಬೆಕ್ಕು ಈಗಾಗಲೇ ಮಲಗುವ ಜಾಗದ ಪಕ್ಕದಲ್ಲಿಡಿ. ಯಾರೂ ಹೋಗದ ಮೂಲೆಯಲ್ಲಿಟ್ಟರೆ ಬೆಕ್ಕೂ ಹೋಗುವುದಿಲ್ಲ. ಒಳಗೆ ಅದೇ ಮಲಗಿ ರೋಮ ಅಂಟಿಸಿದ ಹಳೆಯ ಸೀರೆ ತುಂಡೋ ಬನಿಯನ್ನೋ ಹಾಸಿ, ಒಗೆದದ್ದು ಬೇಡ. ಕರೆಯಬಾರದು, ಎತ್ತಿ ಕೂರಿಸಬಾರದು. ಊಟದ ಬಟ್ಟಲನ್ನು ಮೊದಲ ದಿನ ಒಂದಡಿ ದೂರ, ಆಮೇಲೆ ಅಂಚಿಗೆ, ಆಮೇಲೆ ಒಳಕ್ಕೆ ಸರಿಸುತ್ತ ಬರಬೇಕು. ಬೆಕ್ಕು ತಾನಾಗಿ ಅಲ್ಲಿ ಮಲಗಲು ಶುರುಮಾಡಿದ ಮೇಲೆ ಮೇಲ್ಭಾಗ ಕೂರಿಸಿ. ಅದಕ್ಕೂ ಒಗ್ಗಿದ ಮೇಲೆ ಬಾಗಿಲು, ಅದೂ ದಾರದಿಂದ ಹಿಂದಕ್ಕೆ ಕಟ್ಟಿ. ಗಾಳಿಗೆ ಬಾಗಿಲು ಬಡಿದು ಸದ್ದಾದರೆ ಮತ್ತೆ ಮೊದಲಿನಿಂದ ಶುರು.

ಬಾಗಿಲು ಮುಚ್ಚುವ ಹಂತದಲ್ಲೇ ಹೆಚ್ಚಿನವರು ಎಡವುವುದು. ಬೆಕ್ಕು ಮೊದಲ ಸಲ ತಾನಾಗಿ ಒಳಗೆ ಹೋದ ಖುಷಿಗೆ ತಟ್ಟನೆ ಬಾಗಿಲು ಹಾಕಿ ಚಿಲಕ ಜಡಿದರೆ ಅದುವರೆಗಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಅಂಗಡಿಯಲ್ಲಿ ಸಿಗುವ ನೆಕ್ಕುವ ಕ್ರೀಮಿನ ಪ್ಯಾಕೆಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಲ್ಲದಿದ್ದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಬಂಗುಡೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ಸಾರಿನಲ್ಲಿ ಅದ್ದಿದ ಚೂರು ಬೇಡ. ಜಾಲರಿಯ ಮೂಲಕ ಒಂದು ಚಮಚದಷ್ಟು ನೆಕ್ಕಿಸುತ್ತ ಬಾಗಿಲು ಮುಚ್ಚಿ, ನೆಕ್ಕಿ ಮುಗಿಯುವ ಮೊದಲೇ ತೆರೆಯಿರಿ. ಮುಂದೆ ಒಂದು ನಿಮಿಷ, ಐದು ನಿಮಿಷ. ಆಮೇಲೆ ಎತ್ತಿ ಮನೆಯೊಳಗೆ ನಾಲ್ಕು ಹೆಜ್ಜೆ, ಗೇಟಿನವರೆಗೆ, ನಿಂತ ಗಾಡಿಯಲ್ಲಿ ಕೂತು ವಾಪಸ್. ಒಳಗಿನಿಂದ ಕೂಗಿ ಪರಚಿದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ. ಒಂದು ಕ್ಷಣ ಸುಮ್ಮನಾದಾಗ ತೆರೆದು, ಮರುದಿನ ಹಿಂದಿನ ಹಂತಕ್ಕೆ ಇಳಿಯಿರಿ. ಮರಿಗಳಿಗೆ ಇದು ಒಂದು ವಾರದ ಆಟ. ಸಾಧು ಬೆಕ್ಕಿಗೆ ಎರಡು ಮೂರು ವಾರ. ಹಿಂದೆ ಕೆಟ್ಟ ಅನುಭವವಾಗಿರುವ ಬೆಕ್ಕಿಗೆ ಎರಡು ತಿಂಗಳಾದರೂ ಆದೀತು, ಅದಕ್ಕೆ ಹಳೆಯ ಕ್ಯಾರಿಯರ್ ಬಿಟ್ಟು ಬೇರೆ ಬಣ್ಣ, ಬೇರೆ ಆಕಾರದ್ದು ತಂದರೆ ಬೇಗ ಒಗ್ಗುತ್ತದೆ.

ಕ್ಯಾರಿಯರ್ ತೊಳೆಯಲು ಫಿನಾಯಿಲ್, ಡೆಟಾಲ್ ಬಳಸಬೇಡಿ. ವಾಸನೆಯ ಮಾತು ಹಾಗಿರಲಿ, ಅವುಗಳಲ್ಲಿರುವ ಫೀನಾಲ್ ಬಗೆಯ ರಾಸಾಯನಿಕಗಳನ್ನು ಬೆಕ್ಕಿನ ಲಿವರ್ ಕರಗಿಸಲಾರದು. ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಸೋಪಿನ ನೀರು ಸಾಕು.

ಇಷ್ಟಕ್ಕೆಲ್ಲ ಸಮಯವಿಲ್ಲದೆ ಇವತ್ತೇ ಹೋಗಬೇಕಾದರೆ? ಬೆಕ್ಕನ್ನು ಅಟ್ಟಿಸಿಕೊಂಡು ಓಡಬೇಡಿ. ಮಂಚ, ಬೀರು ಇಲ್ಲದ ಚಿಕ್ಕ ಕೋಣೆಯಲ್ಲಿ ಕ್ಯಾರಿಯರನ್ನು ಮೊದಲೇ ಇಟ್ಟು, ಮೇಲ್ಭಾಗ ಕಳಚಿ, ಕಿಟಕಿ ಹಾಕಿ, ಆಮೇಲೆ ಬೆಕ್ಕನ್ನು ಕರೆತನ್ನಿ. ದೊಡ್ಡ ಟವೆಲನ್ನು ಹಿಂದಿನಿಂದ ಹೊದಿಸಿ, ಮೈಯೆಲ್ಲ ಒಟ್ಟಾಗಿ ಸುತ್ತಿ, ಟವೆಲ್ ಸಮೇತ ತಟ್ಟೆಯಲ್ಲಿಳಿಸಿ ಮೇಲ್ಭಾಗ ಹಾಕಿ. ಟವೆಲ್ ತೆಗೆಯುವ ಗೋಜಿಗೆ ಹೋಗಬೇಡಿ, ಬೆಕ್ಕು ತಾನೇ ಬಿಡಿಸಿಕೊಳ್ಳುತ್ತದೆ.

ಅಪಾಯಿಂಟ್‌ಮೆಂಟ್ ವಾರದ ನಡುವಿನ ದಿನ, ಮಧ್ಯಾಹ್ನದ ಹೊತ್ತಿಗೆ ಕೇಳಿ. ಶನಿವಾರ, ಭಾನುವಾರ ಸಂಜೆ ಕ್ಲಿನಿಕ್ ತುಂಬ ನಾಯಿಗಳೇ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಕಡೆ ದನ, ಮೇಕೆಗಳೂ ಬರುತ್ತವೆ, ಅಲ್ಲಿಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು. ಫೋನಿನಲ್ಲೇ ಎರಡು ವಿಷಯ ಕೇಳಿಟ್ಟುಕೊಳ್ಳಿ: ಸರದಿ ಬರುವವರೆಗೆ ಹೊರಗೆ ಗಾಡಿಯಲ್ಲೇ ಕೂತಿರಬಹುದೇ, ತಪಾಸಣೆ ಕೋಣೆಯ ಬಾಗಿಲು, ಕಿಟಕಿ ಭದ್ರವಾಗಿ ಮುಚ್ಚುತ್ತವೆಯೇ. ಐಎಸ್‌ಎಫ್‌ಎಂ ಎಂಬ ಹೆಸರಿನಲ್ಲಿದ್ದ, ಇಂಟರ್‌ನ್ಯಾಷನಲ್ ಕ್ಯಾಟ್ ಕೇರ್‌ಗೆ ಸೇರಿದ ಬೆಕ್ಕುವೈದ್ಯರ ಅಂತಾರಾಷ್ಟ್ರೀಯ ಸಂಸ್ಥೆ ‘ಕ್ಯಾಟ್ ಫ್ರೆಂಡ್ಲಿ ಕ್ಲಿನಿಕ್’ ಎಂಬ ಮಾನ್ಯತೆ ಕೊಡುತ್ತದೆ. ಅದು ಇದ್ದರೆ ಸಂತೋಷ. ಇಲ್ಲದಿದ್ದರೂ, ಮೇಜಿನ ಮೇಲೆ ಕೈ ಇಡುವ ಮೊದಲು ಎರಡು ನಿಮಿಷ ಕಾಯುವ ಡಾಕ್ಟರು ಸಿಕ್ಕರೆ ಬೋರ್ಡು ನೋಡುವ ಅಗತ್ಯವಿಲ್ಲ.

ಎರಡು ದಿನ ಮೊದಲೇ ಉಗುರಿನ ತುದಿ ಕತ್ತರಿಸಿ. ಗುಲಾಬಿ ಬಣ್ಣದ ಭಾಗ ಮುಟ್ಟದೆ ಎರಡು ಮಿಲಿಮೀಟರಿನಷ್ಟು ಸಾಕು. ಬೆಕ್ಕು ಕುಂಟುವುದನ್ನೋ ಕೆಮ್ಮುವುದನ್ನೋ ಮನೆಯಲ್ಲೇ ವಿಡಿಯೊ ಮಾಡಿಕೊಳ್ಳಿ, ಕ್ಲಿನಿಕ್ಕಿನಲ್ಲಿ ಅದು ಕಲ್ಲಿನಂತೆ ಕೂತುಬಿಡುತ್ತದೆ. ನಿದ್ದೆಯಲ್ಲಿರುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ ಬರೆದಿಡಿ. ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಹೆದರಿದ ಬೆಕ್ಕಿನಲ್ಲಿ ಈ ಲೆಕ್ಕ ಯಾವ ಡಾಕ್ಟರಿಗೂ ಸಿಗುವುದಿಲ್ಲ.

ಔಷಧಿಯ ಮಾತು. ರೂಢಿ ಮಾಡಿಸಿಯೂ ಗಾಬರಿ ಬೀಳುವ ಬೆಕ್ಕುಗಳಿಗೆ ಡಾಕ್ಟರು ಗ್ಯಾಬಪೆಂಟಿನ್ ಬರೆಯುತ್ತಾರೆ. ಸಾಮಾನ್ಯ ಗಾತ್ರದ ಬೆಕ್ಕಿಗೆ 50ರಿಂದ 100 ಮಿಲಿಗ್ರಾಂ, ಹೊರಡುವ ಎರಡು ಮೂರು ಗಂಟೆ ಮೊದಲು. ಕಿಡ್ನಿ ತೊಂದರೆ ಇರುವ ಬೆಕ್ಕಿಗೆ ಇದು ಮೈಯಿಂದ ನಿಧಾನ ಹೊರಹೋಗುವುದರಿಂದ ಇನ್ನೂ ಕಡಿಮೆ. ಎಷ್ಟೆಂದು ನಿಮ್ಮ ಬೆಕ್ಕನ್ನು ನೋಡಿದ ಡಾಕ್ಟರೇ ಹೇಳಬೇಕು. ನಮ್ಮ ಕಡೆ ಇದು ಮನುಷ್ಯರ ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತದೆ, ಎಚ್ಚರ ಬೇಕಾದದ್ದೂ ಅಲ್ಲೇ. ಗ್ಯಾಬಪೆಂಟಿನ್ ಜೊತೆ ನಾರ್‌ಟ್ರಿಪ್ಟಿಲಿನ್ ಎಂಬ ಬೇರೊಂದು ಔಷಧಿ ಬೆರೆಸಿದ ಮಾತ್ರೆಗಳು ಹೆಸರಿನ ಕೊನೆಗೆ ‘ಎನ್‌ಟಿ’ ಎಂದು ಸೇರಿಸಿಕೊಂಡು ಅದೇ ಕಪಾಟಿನಲ್ಲಿರುತ್ತವೆ. ‘ಅದಿಲ್ಲ, ಇದೇ ತಗೊಳ್ಳಿ, ಎರಡೂ ಒಂದೇ’ ಎಂದರೆ ವಾಪಸ್ ಬನ್ನಿ. ನಿಮಗೆ ಬೇಕಾದದ್ದು ಬರೀ ಗ್ಯಾಬಪೆಂಟಿನ್ ಇರುವ 100 ಮಿಲಿಗ್ರಾಂ ಕ್ಯಾಪ್ಸೂಲ್. ಅದನ್ನು ಬಿಚ್ಚಿ ಪುಡಿಯನ್ನು ನೆಕ್ಕುವ ಕ್ರೀಮಿನಲ್ಲೋ ಮೀನಿನ ಚೂರಿನಲ್ಲೋ ಕಲಸಿ ಕೊಡಬಹುದು. ಕಹಿ ನಾಲಿಗೆಗೆ ತಾಗಿದರೆ ಬಾಯಲ್ಲಿ ನೊರೆ ಬರುತ್ತದೆ, ಗಾಬರಿಯಾಗಬೇಡಿ. ಮೊದಲ ಸಲ ಮನೆಯಲ್ಲೇ ಇರುವ ದಿನ ಕೊಟ್ಟು ನೋಡಿ. ಕಾಲು ತೂರಾಡುತ್ತದೆ, ಅರ್ಧ ದಿನ ಮಂಪರಿರುತ್ತದೆ, ಆ ಹೊತ್ತಿನಲ್ಲಿ ಬಾಲ್ಕನಿ, ಮೆಟ್ಟಿಲು, ಎತ್ತರದ ಕಪಾಟು ಬಂದ್. ಬೆಕ್ಕು ಆಗಲೇ ರೊಚ್ಚಿಗೆದ್ದ ಮೇಲೆ ಕೊಟ್ಟರೆ ಅಷ್ಟಾಗಿ ಹಿಡಿಯುವುದಿಲ್ಲ. ಮನೆಯಲ್ಲಿದೆ ಎಂದು ಪ್ಯಾರಾಸಿಟಮಾಲ್ ಮಾತ್ರ ಎಂದೂ ಬೇಡ, ಅರ್ಧ ಮಾತ್ರೆಯೇ ಬೆಕ್ಕನ್ನು ಕೊಲ್ಲಬಲ್ಲದು.

ಬೆಕ್ಕು ಕೆನ್ನೆ ಉಜ್ಜಿ ಬಿಡುವ ವಾಸನೆಯನ್ನು ಹೋಲುವ ಫೆರೊಮೋನ್ ಸ್ಪ್ರೇ ಆನ್‌ಲೈನಿನಲ್ಲಿ ಸಿಗುತ್ತದೆ. ದುಬಾರಿ, ಎಲ್ಲ ಬೆಕ್ಕಿಗೂ ಹತ್ತುವುದಿಲ್ಲ. ಕೊಂಡರೆ ಹೊರಡುವ ಕಾಲು ಗಂಟೆ ಮೊದಲೇ ಹಾಸಿಗೆ ಬಟ್ಟೆಗೆ ಹೊಡೆದು ಆರಲು ಬಿಡಿ. ಅದರಲ್ಲಿರುವ ಆಲ್ಕೋಹಾಲ್ ಆರುವ ಮೊದಲೇ ಬೆಕ್ಕನ್ನು ಕೂರಿಸಿದರೆ ಫಲ ಉಲ್ಟಾ.

ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ನಿಲ್ಲಿಸಬೇಡಿ. ದಾರಿಯಲ್ಲಿ ವಾಂತಿ ಕಡಿಮೆಯಾಗುತ್ತದೆ, ಹಸಿದ ಬೆಕ್ಕು ಮೇಜಿನ ಮೇಲೆ ತಿಂಡಿಗೂ ಬಾಯಿ ಹಾಕುತ್ತದೆ. ಚಿಕ್ಕ ಮರಿಗಳಿಗೂ ಸಕ್ಕರೆ ಕಾಯಿಲೆಯ ಬೆಕ್ಕಿಗೂ ಇದು ಅನ್ವಯಿಸದು, ಡಾಕ್ಟರನ್ನು ಕೇಳಿ. ಕ್ಯಾರಿಯರನ್ನು ಹಿಡಿಕೆ ಹಿಡಿದು ತೂಗಾಡಿಸದೆ ಎರಡೂ ಕೈಯಿಂದ ತಳಕ್ಕೆ ಆನಿಸಿ ಎದೆಗೆ ಒತ್ತಿ ಹಿಡಿಯಿರಿ. ಆಟೋದಲ್ಲಿ ಸೀಟಿನ ಮೇಲೆ ಕಂಬಳಿ ಮಡಿಚಿ ಹಾಸಿ, ಬಾಗಿಲು ನಿಮ್ಮ ಕಡೆಗೆ ಬರುವಂತಿಟ್ಟು ತೋಳಿನಿಂದ ಸುತ್ತಿ ಹಿಡಿದರೆ ನಡುಕ ಕಡಿಮೆ. ಆಟೋದ ನೆಲ ತೀರ ಅದುರುತ್ತದೆ. ಕಾರಿನಲ್ಲಾದರೆ ಮುಂದಿನ ಸೀಟಿನ ಹಿಂದಿನ ನೆಲವೇ ಸರಿ, ಅಲ್ಲಿ ಅದು ಜಾರುವುದಿಲ್ಲ. ‘ಅಣ್ಣಾ, ಹಂಪ್ ಹತ್ರ ಸ್ವಲ್ಪ ನಿಧಾನ, ಒಳಗೆ ಬೆಕ್ಕಿದೆ’ ಎಂದು ಹತ್ತುವಾಗಲೇ ಹೇಳಿದರೆ ಹೆಚ್ಚಿನವರು ಕೇಳುತ್ತಾರೆ. ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಹೋಗುವುದು ಬೇಡ: ಎಲ್ಲ ಬಸ್ಸು, ಲಾರಿಗಳ ಹಾರನ್ ನೇರ ಕಿವಿಗೆ. ಮೇಲೆ ಹೊದಿಸುವುದು ತೆಳು ಹತ್ತಿ ಬಟ್ಟೆಯಾಗಿರಲಿ, ಒಂದು ಬದಿ ಗಾಳಿಗೆ ತೆರೆದಿರಲಿ.

ಬೆಕ್ಕು ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಡುತ್ತಿದ್ದರೆ ಅಲ್ಲಿಗೆ ಎಲ್ಲ ನಿಲ್ಲಿಸಿ. ನಾಯಿಗೆ ಅದು ಸಹಜ, ಬೆಕ್ಕಿಗೆ ಅಲ್ಲ. ನೆರಳಲ್ಲಿ, ಸದ್ದಿಲ್ಲದ ಕಡೆ ಇಟ್ಟು ಕೆಲವು ನಿಮಿಷದಲ್ಲಿ ನಿಲ್ಲದಿದ್ದರೆ, ಒಸಡು ನೀಲಿಗಟ್ಟಿದರೆ, ಸರದಿ ನೋಡದೆ ಒಳಗೆ ಓಡಿ, ಆಮ್ಲಜನಕ ಬೇಕಾಗಬಹುದು.

ಕಾಯುವ ಕೋಣೆಯಲ್ಲಿ ಕ್ಯಾರಿಯರ್ ನೆಲದ ಮೇಲೆ ಬೇಡ, ನಾಯಿಯ ಮೂತಿ ಬರುವುದು ಸರಿಯಾಗಿ ಆ ಎತ್ತರಕ್ಕೆ. ಕುರ್ಚಿಯ ಮೇಲಿಟ್ಟು ಬಾಗಿಲನ್ನು ಗೋಡೆಗೆ ತಿರುಗಿಸಿ. ‘ಅಯ್ಯೋ ಎಷ್ಟು ಮುದ್ದಾಗಿದೆ’ ಎಂದು ಇಣುಕುವವರಿಗೆ ನಯವಾಗಿ ಬೇಡ ಅನ್ನಿ.

ಒಳಗೆ ಹೋದ ಮೇಲೆ ಮೊದಲು ಬಾಗಿಲು ಹಾಕಿಸಿ, ಫ್ಯಾನ್ ನಿಲ್ಲಿಸಿ. ಕ್ಯಾರಿಯರ್ ಬಾಗಿಲು ತೆರೆದಿಟ್ಟು, ಡಾಕ್ಟರಿಗೆ ವಿಷಯವೆಲ್ಲ ಹೇಳುತ್ತಿರಿ. ಕೆಲವು ಬೆಕ್ಕುಗಳು ಅಷ್ಟರಲ್ಲಿ ತಾವೇ ಹೊರಗೆ ಬರುತ್ತವೆ. ಬರದಿದ್ದರೆ ಬಗ್ಗಿಸಿ ಸುರಿಯುವುದು, ಮುಂಗಾಲು ಹಿಡಿದು ಜಗ್ಗುವುದು ಎರಡೂ ಬೇಡ. ಕ್ಲಿಪ್ ಬಿಚ್ಚಿ ಮೇಲ್ಭಾಗ ಎತ್ತಿದರೆ ಬೆಕ್ಕು ತನ್ನದೇ ಹಾಸಿಗೆಯಲ್ಲಿ ಕೂತಿರುತ್ತದೆ, ತಪಾಸಣೆ ಅಲ್ಲೇ ನಡೆಯುತ್ತದೆ. ನಾವು ಕಳಚುವ ಕ್ಯಾರಿಯರೇ ಬೇಕೆಂದು ಹಟ ಹಿಡಿಯುವುದು ಈ ಎರಡು ನಿಮಿಷಕ್ಕಾಗಿ. ತೂಕಕ್ಕೂ ಹೊರತೆಗೆಯಬೇಕಿಲ್ಲ: ಕ್ಯಾರಿಯರ್ ಸಮೇತ ತೂಗಿ, ಖಾಲಿ ತೂಕ ಕಳೆದರಾಯಿತು. ಖಾಲಿ ತೂಕವನ್ನು ಮನೆಯಲ್ಲೇ ನೋಡಿ ತಳಕ್ಕೆ ಮಾರ್ಕರಿನಲ್ಲಿ ಬರೆದಿಡಿ.

ಸ್ಟೀಲ್ ಮೇಜು ತಣ್ಣಗೆ, ಜಾರು. ಯೋಗ ಮ್ಯಾಟಿನ ಒಂದು ತುಂಡು ಒಯ್ದರೆ ಪಾದಕ್ಕೆ ಹಿಡಿತ ಸಿಗುತ್ತದೆ. ಬೆಕ್ಕಿನ ಮುಖ ನಿಮ್ಮ ಕಡೆ, ಬೆನ್ನು ಡಾಕ್ಟರ ಕಡೆ ಇರಲಿ. ‘ಶ್ಶ್, ಸುಮ್ನಿರು’ ಎನ್ನಬೇಡಿ, ಬೆಕ್ಕಿನ ಕಿವಿಗೆ ಅದು ಇನ್ನೊಂದು ಬೆಕ್ಕು ಬುಸುಗುಟ್ಟಿದ ಹಾಗೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದೂ ಬೇಡ. ಕತ್ತಿನ ಚರ್ಮ ಹಿಡಿದೆತ್ತುವ ಹಳೆಯ ಪದ್ಧತಿ ಇನ್ನೂ ಹಲವು ಕಡೆ ಇದೆ, ತಾಯಿ ಮರಿಯನ್ನು ಹಾಗೇ ಎತ್ತುತ್ತದಲ್ಲ ಎಂಬ ವಾದವೂ ಇದೆ. ಅದು ಮೊದಲ ಕೆಲವು ವಾರದ ಮರಿಗೆ. ದೊಡ್ಡ ಬೆಕ್ಕು ಹಾಗೆ ಹಿಡಿದಾಗ ಮರಗಟ್ಟುವುದು ಭಯಕ್ಕೆ. ಐಎಸ್‌ಎಫ್‌ಎಂ ಮತ್ತು ಅಮೆರಿಕದ ಬೆಕ್ಕುವೈದ್ಯರ ಸಂಘ ಸೇರಿ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ಬೇಡವೆನ್ನುತ್ತದೆ. ಕಾಂಪೌಂಡರ್ ಕೈ ಕತ್ತಿಗೆ ಹೋದರೆ ‘ಸಾರ್, ಟವೆಲ್ ತಂದಿದ್ದೀವಿ, ನಾವೇ ಸುತ್ತಿ ಹಿಡಿತೀವಿ’ ಅಂದರೆ ಜಗಳವಿಲ್ಲದೆ ಮುಗಿಯುತ್ತದೆ.

ನೋವಿರುವ ಜಾಗ, ಕಿವಿ, ಬಾಯಿ, ಥರ್ಮಾಮೀಟರ್ ಎಲ್ಲ ಕೊನೆಗೆ. ರಕ್ತವನ್ನು ಹಿಂಗಾಲಿನ ಒಳಬದಿಯ ನಾಳದಿಂದ ತೆಗೆದರೆ ಮುಖ ಟವೆಲಿನಲ್ಲಿ ಮರೆಯಾಗಿರುತ್ತದೆ, ಹಲ್ಲು ದೂರ ಇರುತ್ತದೆ. ಲಸಿಕೆಯ ಬಾಟಲಿಯ ರಬ್ಬರ್ ಚುಚ್ಚಿದ ಸೂಜಿಯ ಮೊನೆ ಮೊಂಡಾಗುತ್ತದೆ, ಹೊಸ ಸೂಜಿ ಹಾಕಿ ಕೊಡಿ ಎಂದು ಕೇಳಬಹುದು. ಫ್ರಿಜ್ಜಿನಿಂದ ತೆಗೆದ ಲಸಿಕೆ ಸ್ವಲ್ಪ ಹೊತ್ತು ಅಂಗೈಯಲ್ಲಿದ್ದು ತಣ್ಣಗಿನ ಗುಣ ಬಿಟ್ಟರೆ ಚುಚ್ಚಿದ್ದು ಗೊತ್ತೇ ಆಗದ ಬೆಕ್ಕುಗಳಿವೆ. ಆ ಕ್ಷಣಕ್ಕೆ ಕ್ರೀಮ್ ಮೂತಿಯ ಮುಂದಿರಲಿ.

ಇಷ್ಟಾಗಿಯೂ ಕಿವಿ ಪಕ್ಕಕ್ಕೆ ಚಪ್ಪಟೆಯಾಗಿ, ಕಣ್ಣಪಾಪೆ ಪೂರ್ತಿ ಹಿಗ್ಗಿ, ಮೇಜಿನ ಮೇಲೆ ಬೆವರಿದ ಪಾದದ ಗುರುತು ಮೂಡಿದರೆ ನಿಲ್ಲಿಸುವ ಹೊತ್ತು ಬಂದಿದೆ. ಗುರುಗುರು ಎನ್ನುತ್ತಿದೆಯಲ್ಲ ಎಂದು ಮೋಸ ಹೋಗಬೇಡಿ, ನೋವಿಗೂ ಭಯಕ್ಕೂ ಬೆಕ್ಕು ಗುರುಗುಟ್ಟುತ್ತದೆ. ಉಗುರು ಕತ್ತರಿಸುವುದು, ಮಾಮೂಲಿ ಲಸಿಕೆ ಇನ್ನೊಂದು ದಿನಕ್ಕೆ ತಡೆಯುತ್ತವೆ. ಉಚ್ಚೆ ಕಟ್ಟಿದ ಗಂಡು ಬೆಕ್ಕಿನಂಥ ತುರ್ತಿನಲ್ಲಿ ಕಾಯುವಂತಿಲ್ಲ, ಆಗ ಮೂವರು ಸೇರಿ ಅದುಮುವ ಬದಲು ಅರಿವಳಿಕೆಯ ಇಂಜೆಕ್ಷನ್ ಕೊಡಿಸಿ ಕೆಲಸ ಮಾಡಿಸುವುದೇ ಬೆಕ್ಕಿಗೂ ಡಾಕ್ಟರಿಗೂ ಕ್ಷೇಮ. ಯಾರಿಗಾದರೂ ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಬೆಕ್ಕಿಗೆ ಲಸಿಕೆ ಆಗಿದ್ದರೂ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುವುದರಿಂದ ಮೇಲೆ ಮಾಯ್ದರೂ ಒಳಗೆ ಕೀವಾಗುತ್ತದೆ.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಕೆಲಸ ಮುಗಿದಿಲ್ಲ. ಆಸ್ಪತ್ರೆಯ ವಾಸನೆ ಹೊತ್ತು ಬಂದದ್ದನ್ನು ಅದು ಗುರುತು ಹಿಡಿಯದೆ ಮೇಲೆರಗಬಹುದು, ಒಟ್ಟಿಗೆ ಹುಟ್ಟಿ ಬೆಳೆದವುಗಳೂ ಇದರಿಂದ ವಾರಗಟ್ಟಲೆ ಹಗೆ ಸಾಧಿಸುತ್ತವೆ. ಬಂದ ಬೆಕ್ಕನ್ನು ಬೇರೆ ಕೋಣೆಯಲ್ಲಿ ನೀರು, ಮರಳಿನ ತಟ್ಟೆ ಸಮೇತ ಬಿಡಿ. ಅದು ಮೈ ನೆಕ್ಕಿಕೊಂಡು ಒಂದು ನಿದ್ದೆ ಮುಗಿಸಲಿ, ಗ್ಯಾಬಪೆಂಟಿನ್ ಅಥವಾ ಅರಿವಳಿಕೆ ಆಗಿದ್ದರೆ ಮರುದಿನದವರೆಗೆ ಅಲ್ಲೇ ಇರಲಿ. ಮನೆಯಲ್ಲಿದ್ದ ಬೆಕ್ಕು ಮಲಗುವ ಬಟ್ಟೆಯಿಂದ ಇದರ ಮೈ ಒರೆಸಿ, ಬಾಗಿಲ ಸಂದಿಯಲ್ಲಿ ಎರಡೂ ಬುಸುಗುಡದೆ ಮೂಸಿದ ಮೇಲೆ ಬಿಡಿ. ಎರಡನ್ನೂ ಒಟ್ಟಿಗೇ ಕ್ಲಿನಿಕ್ಕಿಗೆ ಒಯ್ಯುತ್ತೇವೆ ಎನ್ನುವವರು ಒಂದು ಕ್ಯಾರಿಯರಿನಲ್ಲಿ ಎರಡನ್ನು ಹಾಕಬಾರದು, ಹೆದರಿದಾಗ ಒಂದರ ಸಿಟ್ಟು ಇನ್ನೊಂದರ ಮೇಲೆ ತಿರುಗುತ್ತದೆ.

ಅದೇ ಸಂಜೆ ಲಸಿಕೆ ಪುಸ್ತಕದ ಹಿಂದಿನ ಪುಟದಲ್ಲಿ ನಾಲ್ಕು ಸಾಲು ಬರೆದಿಡಿ: ಗ್ಯಾಬಪೆಂಟಿನ್ ಎಷ್ಟು, ಎಷ್ಟು ಹೊತ್ತಿಗೆ ಕೊಟ್ಟದ್ದು, ಮೇಜಿನ ಮೇಲೆ ಹೇಗಿತ್ತು, ಮಂಪರು ಎಷ್ಟು ಹೊತ್ತಿಗೆ ಬಿಟ್ಟಿತು, ಯಾವ ಹಂತದಲ್ಲಿ ತಿಂಡಿ ಬೇಡವೆಂದಿತು. ಮುಂದಿನ ಸಲ ಪ್ರಮಾಣ ಏರಿಸಬೇಕೋ ಇಳಿಸಬೇಕೋ ಎಂದು ಡಾಕ್ಟರು ನೋಡುವುದು ಆ ಸಾಲುಗಳನ್ನೇ.